ಟೂರ್ ಪ್ಯಾಕೇಜ್ ಇಲ್ಲದೆ ಶಾಂಘೈ: ವೀಸಾದಿಂದ ವಾಪಸ್ ವಿಮಾನದವರೆಗೆ

ಶಾಂಘೈಗೆ ನಾನೇ ಹೋಗಿ ಬರುತ್ತೇನೆ ಎಂದರೆ ಮನೆಯವರು ಮೊದಲು ಕೇಳುವುದು ಭಾಷೆಯ ಬಗ್ಗೆ. ಆಮೇಲೆ ಊಟದ ಬಗ್ಗೆ. ನಿಜ ಹೇಳಬೇಕೆಂದರೆ ಇವೆರಡೂ ಅಲ್ಲಿ ಹೇಗೋ ಬಗೆಹರಿಯುತ್ತವೆ. ಪೇಚಿಗೆ ಸಿಕ್ಕಿಸುವುದು ಬೇರೆಯೇ: ದುಡ್ಡು ಕೊಡಲಾಗದ ಫೋನು, ತೆರೆಯದ ಮ್ಯಾಪು, ಬಾರದ ಓಟಿಪಿ. ಸುಮಾರು ಎರಡೂವರೆ ಕೋಟಿ ಜನರಿರುವ ಊರು ಇದು. ಆದರೂ ಫೋನ್ ಸರಿಯಾಗಿ ಸಿದ್ಧ ಮಾಡಿಕೊಂಡು ಹೋದವರಿಗೆ ಇಲ್ಲಿ ಓಡಾಡುವುದು ತುಂಬ ಸಲೀಸು. ಅದಕ್ಕೇ ಈ ಮಾರ್ಗದರ್ಶಿಯ ಅರ್ಧ ಕೆಲಸ ವಿಮಾನ ಹತ್ತುವ ಮೊದಲೇ ಮುಗಿಯಬೇಕು.

ಹಂತ 1: ಯಾವಾಗ ಹೋಗಬೇಕು

ಏಪ್ರಿಲ್, ಮೇ ಚೆನ್ನಾಗಿರುತ್ತದೆ. ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ಕೊನೆಯವರೆಗೆ ಇನ್ನೂ ಚೆನ್ನ. ಜೂನ್ ಮಧ್ಯದಿಂದ ಜುಲೈ ಮೊದಲ ದಿನಗಳವರೆಗೆ ಜಿಟಿಜಿಟಿ ಮಳೆ. ಪ್ಲಮ್ ಹಣ್ಣಾಗುವ ಕಾಲ ಅಂತ ಅದಕ್ಕೆ ಪ್ಲಮ್ ಮಳೆ ಎನ್ನುತ್ತಾರೆ. ಅದು ಮುಗಿದ ಮೇಲೆ ಬೆವರಿಳಿಸುವ ಸೆಕೆ. ಜನವರಿಯ ಚಳಿ ಅಂಕಿಯಲ್ಲಿ ಅಷ್ಟೇನೂ ಅಲ್ಲ, ಆದರೆ ತೇವದ ಚಳಿ, ಮೈಗೆ ಹತ್ತುತ್ತದೆ. ಉತ್ತರ ಚೀನಾದಲ್ಲಿರುವಂತೆ ಇಡೀ ಊರಿಗೆ ಬಿಸಿ ಪೂರೈಸುವ ವ್ಯವಸ್ಥೆ ಇಲ್ಲಿಲ್ಲ.

ಹವಾಮಾನಕ್ಕಿಂತ ಮುಖ್ಯವಾದದ್ದು ರಜೆಗಳ ಪಟ್ಟಿ. ಅಕ್ಟೋಬರ್ 1ರಿಂದ ಒಂದು ವಾರದ ರಾಷ್ಟ್ರೀಯ ರಜೆ, ಮೇ 1ರಿಂದ ಕಾರ್ಮಿಕರ ರಜೆ, ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುವ ಅವರ ಹೊಸ ವರ್ಷ. ಈ ಮೂರನ್ನೂ ತಪ್ಪಿಸಿ. ಇಡೀ ದೇಶವೇ ರೈಲಿನಲ್ಲಿರುತ್ತದೆ. ಬಂಡ್ ಎಂಬ ನದಿ ದಂಡೆಗೆ ಹೋಗುವ ರಸ್ತೆಯಲ್ಲಿ ಪೊಲೀಸರು ಸಾಲಾಗಿ ನಿಂತು ಜನರನ್ನು ಬಿಡುತ್ತಾರೆ, ತಡೆಯುತ್ತಾರೆ. ಸುಮ್ನೆ ಅಲ್ಲ. 2014ರ ಡಿಸೆಂಬರ್ 31ರ ರಾತ್ರಿ ಅಲ್ಲಿ ಕಾಲ್ತುಳಿತವಾಗಿ 36 ಜನ ಸತ್ತರು.

2020ರಲ್ಲಿ ನಿಂತುಹೋಗಿದ್ದ ಭಾರತ–ಚೀನಾ ನೇರ ವಿಮಾನಗಳು 2025ರ ಅಕ್ಟೋಬರ್ ಕೊನೆಯಿಂದ ಮತ್ತೆ ಶುರುವಾದವು. ದೆಹಲಿಯಿಂದ ಶಾಂಘೈಗೆ ನೇರವಾಗಿ ಹೋಗಬಹುದು. ಬೆಂಗಳೂರಿನಿಂದ ಹೊರಡುವವರಿಗೆ ಸಿಂಗಾಪುರ, ಕೌಲಾಲಂಪುರ, ಬ್ಯಾಂಕಾಕ್ ಅಥವಾ ಹಾಂಗ್‌ಕಾಂಗ್ ಮೂಲಕ ಹೋಗುವುದೇ ಅನುಕೂಲ. ದೆಹಲಿಗೆ ಹೋಗಿ ಅಲ್ಲಿಂದ ಹಾರುವುದರಲ್ಲಿ ಸಮಯದ ಉಳಿತಾಯ ಅಷ್ಟೇನೂ ಇಲ್ಲ.

ಹಂತ 2: ವೀಸಾ

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಬೇಕೇ ಬೇಕು. ಚೀನಾದಲ್ಲಿ 240 ಗಂಟೆ ವೀಸಾ ಇಲ್ಲದೆ ಇರಬಹುದು ಎಂದು ವಿಡಿಯೋಗಳಲ್ಲಿ ಕೇಳಿರುತ್ತೀರಿ. ಆ ಪಟ್ಟಿಯಲ್ಲಿ ಭಾರತ ಇಲ್ಲ. ಅಮೆರಿಕದ ಪಾಸ್‌ಪೋರ್ಟ್ ಇರುವ ಕನ್ನಡಿಗರಿಗೆ ಅದು ಸಿಗುತ್ತದೆ, ಆದರೆ ಒಂದು ದೇಶದಿಂದ ಬಂದು ಬೇರೊಂದು ದೇಶಕ್ಕೆ ಹೋಗುವ ಟಿಕೆಟ್ ಇರಬೇಕು. ಬಂದ ದೇಶಕ್ಕೇ ವಾಪಸ್ ಹೋಗುವಂತಿಲ್ಲ. ಸಿಂಗಾಪುರದ ಪಾಸ್‌ಪೋರ್ಟ್ ಇದ್ದರೆ 30 ದಿನ ವೀಸಾ ತಂಟೆಯೇ ಇಲ್ಲ.

ಪ್ರವಾಸಿ ವೀಸಾವನ್ನು ಎಲ್ ವೀಸಾ ಎನ್ನುತ್ತಾರೆ. ಕರ್ನಾಟಕದವರ ಅರ್ಜಿ ಮುಂಬೈನ ಚೀನಾ ಕಾನ್ಸುಲೇಟ್ ವ್ಯಾಪ್ತಿಗೆ ಬರುತ್ತದೆ. ಅರ್ಜಿ ತುಂಬುವುದು ಆನ್‌ಲೈನ್‌ನಲ್ಲಿ. ಹೋಗಿ ಬರುವ ವಿಮಾನದ ಬುಕಿಂಗ್, ಎಲ್ಲಾ ರಾತ್ರಿಗಳ ಹೋಟೆಲ್ ಬುಕಿಂಗ್, ದಿನವಾರು ಯೋಜನೆ, ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದ ಪತ್ರ ಇಟ್ಟುಕೊಳ್ಳಿ. ಪಾಸ್‌ಪೋರ್ಟ್‌ಗೆ ಕನಿಷ್ಠ 6 ತಿಂಗಳ ಆಯಸ್ಸು, ಖಾಲಿ ಪುಟಗಳು ಇರಬೇಕು. ಹೋಟೆಲನ್ನು ರದ್ದು ಮಾಡಬಹುದಾದ ದರದಲ್ಲೇ ಬುಕ್ ಮಾಡಿ. ವೀಸಾ ಕೈಗೆ ಬಂದ ಮೇಲೆ ಬೇಕಾದರೆ ಬದಲಿಸಬಹುದು.

ಜನ ಎಡವುವ ಜಾಗ ಒಂದಿದೆ. ಶಾಂಘೈ ನೋಡಿ, ಹಾಂಗ್‌ಕಾಂಗ್‌ಗೆ ಹೋಗಿ, ಮತ್ತೆ ಚೀನಾಕ್ಕೆ ಬರುವ ಯೋಜನೆ ಇದ್ದರೆ ಒಂದು ಪ್ರವೇಶದ ವೀಸಾ ಸಾಲದು. ಹಾಂಗ್‌ಕಾಂಗ್‌ಗೆ ಕಾಲಿಟ್ಟರೆ ಚೀನಾದಿಂದ ಹೊರಗೆ ಹೋದಂತೆಯೇ ಲೆಕ್ಕ. ಎರಡು ಪ್ರವೇಶದ ವೀಸಾ ಕೇಳಿ. ಜೊತೆಗೆ ಹಾಂಗ್‌ಕಾಂಗ್ ಊರೊಳಗೆ ಹೋಗಲು ಭಾರತೀಯರು ಮೊದಲೇ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಕೊಳ್ಳಬೇಕು. ವಿಮಾನ ನಿಲ್ದಾಣದ ಒಳಗೇ ವಿಮಾನ ಬದಲಿಸುವವರಿಗೆ ಅದು ಬೇಡ.

ಹಂತ 3: ಫೋನ್ ಸಿದ್ಧ ಮಾಡುವುದು

ಇಲ್ಲಿ ಸಾವಧಾನವಾಗಿ ಓದಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮೊದಲು ಇಂಟರ್ನೆಟ್. ಚೀನಾದ ಜಾಲದಲ್ಲಿ ಗೂಗಲ್, ಜಿಮೇಲ್, ವಾಟ್ಸಾಪ್, ಯೂಟ್ಯೂಬ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಯಾವುದೂ ತೆರೆಯುವುದಿಲ್ಲ. ಆದರೆ ಈ ತಡೆ ಅನ್ವಯಿಸುವುದು ಅಲ್ಲಿನ ಸಿಮ್‌ಗೆ, ಅಲ್ಲಿನ ವೈಫೈಗೆ. ಭಾರತದ ಸಿಮ್‌ನಲ್ಲಿ ರೋಮಿಂಗ್ ಹಾಕಿಸಿಕೊಂಡರೆ ನಿಮ್ಮ ಡೇಟಾ ದೇಶದ ಹೊರಗಿನ ಜಾಲದ ಮೂಲಕ ಸುತ್ತಿ ಬರುತ್ತದೆ, ಹಾಗಾಗಿ ವಾಟ್ಸಾಪ್ ಎಂದಿನಂತೆ ನಡೆಯುತ್ತದೆ. ಪ್ರವಾಸಿಗರಿಗಾಗಿ ಮಾರುವ ಇ-ಸಿಮ್ ಕೂಡ ಹೆಚ್ಚಾಗಿ ಹೀಗೆಯೇ. ನನ್ನ ಸಲಹೆ: ಡೇಟಾಗೆ ಇ-ಸಿಮ್, ಓಟಿಪಿಗೆ ಭಾರತದ ಸಿಮ್. ಎರಡೂ ಒಟ್ಟಿಗೆ ಆನ್ ಇರಲಿ. ಭಾರತದ ಸಿಮ್‌ಗೆ ರೋಮಿಂಗ್‌ನಲ್ಲಿ ಎಸ್ಸೆಮ್ಮೆಸ್ ಬರುವಂತೆ ಮಾಡಿಸದೆ ಹೋದರೆ ಬ್ಯಾಂಕ್ ಕಾರ್ಡ್ ಇದ್ದೂ ಇಲ್ಲದಂತೆ. ಇ-ಸಿಮ್ಮನ್ನು ಊರಲ್ಲೇ ಫೋನಿಗೆ ಇಳಿಸಿಕೊಳ್ಳಿ. ಹೋಟೆಲ್ ವೈಫೈಯನ್ನು ನಂಬಿ ಕೂರಬೇಡಿ.

ಇನ್ನು ದುಡ್ಡು. ನಮ್ಮ ಯುಪಿಐ ಅಲ್ಲಿನ ಅಂಗಡಿಗಳಲ್ಲಿ ನಡೆಯುವುದಿಲ್ಲ. ಅಲ್ಲಿ ಎಲ್ಲೆಡೆ ನಡೆಯುವುದು ಫೋನಿನಿಂದ ದುಡ್ಡು ಕಟ್ಟುವ ಎರಡು ಆ್ಯಪ್: ಅಲಿಪೇ, ವೀಚಾಟ್ ಪೇ. ಇದರಲ್ಲಿ ವೀಚಾಟ್, 2020ರ ಜೂನ್‌ನಲ್ಲಿ ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿತ್ತು. ಅದನ್ನು ನೆಚ್ಚಿಕೊಂಡು ಯೋಜನೆ ಹಾಕುವುದು ಬೇಡ. ಅಲಿಪೇ ಒಂದನ್ನೇ ಸರಿಯಾಗಿ ಸಿದ್ಧ ಮಾಡಿ. ನಿಮ್ಮ ಮೊಬೈಲ್ ನಂಬರಿನಿಂದ ಖಾತೆ ತೆರೆಯಿರಿ, ಪಾಸ್‌ಪೋರ್ಟ್ ತೋರಿಸಿ ಗುರುತು ಖಚಿತಪಡಿಸಿ, ಆಮೇಲೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಹೆಸರಿರುವ ಬ್ಯಾಂಕ್ ಕಾರ್ಡ್ ಜೋಡಿಸಿ. ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಲಿ. ಅದಕ್ಕೂ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ವ್ಯವಹಾರವನ್ನು ಆನ್ ಮಾಡಬೇಕು. ಅಂಗಡಿಯ ಬಳಕೆ ಮತ್ತು ಆನ್‌ಲೈನ್ ಬಳಕೆ, ಎರಡನ್ನೂ. ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡ್ ಜೋಡಿಸಿದರೆ ಒಂದು ಕೈಕೊಟ್ಟಾಗ ಇನ್ನೊಂದು ಇರುತ್ತದೆ. ವಿದೇಶಿ ಕಾರ್ಡಿನಿಂದ 200 ಯುವಾನ್‌ವರೆಗಿನ ಪಾವತಿಗೆ ಅಲಿಪೇ ಶುಲ್ಕ ಹಿಡಿಯುವುದಿಲ್ಲ, ಅದಕ್ಕಿಂತ ಜಾಸ್ತಿಯಾದರೆ ಶೇ. 3 ಹಿಡಿಯುತ್ತದೆ. ಹಾಗಾಗಿ ಹೋಟೆಲ್ ಬಾಡಿಗೆಯಂಥ ದೊಡ್ಡ ಮೊತ್ತವನ್ನು ಬುಕ್ ಮಾಡುವಾಗಲೇ ಕಾರ್ಡಿನಿಂದ ನೇರವಾಗಿ ಕಟ್ಟುವುದು ಲೇಸು.

ಪಾವತಿ ಎರಡು ಥರ. ಒಂದೋ ನೀವು ಅವರ ಕೋಡ್ ಸ್ಕ್ಯಾನ್ ಮಾಡುತ್ತೀರಿ, ಇಲ್ಲಾ ನಿಮ್ಮ ಫೋನಿನ ಕೋಡನ್ನು ಅವರು ಸ್ಕ್ಯಾನ್ ಮಾಡುತ್ತಾರೆ. ಬೀದಿ ಬದಿಯ ಸಣ್ಣ ವ್ಯಾಪಾರಿ ತನ್ನ ಸ್ವಂತ ಖಾತೆಯ ಕೋಡ್ ಇಟ್ಟುಕೊಂಡಿದ್ದರೆ ವಿದೇಶಿ ಕಾರ್ಡಿನಿಂದ ಹಣ ಹೋಗದಿರಬಹುದು. ಅದಕ್ಕೇ ಕೈಯಲ್ಲಿ 300–500 ಯುವಾನ್ ನಗದು ಇರಲಿ, 10, 20ರ ನೋಟುಗಳಲ್ಲಿ. ನಗದನ್ನು ಬೇಡ ಎನ್ನುವಂತಿಲ್ಲ ಎಂಬ ನಿಯಮ ಅಲ್ಲಿದೆ. ಆದರೆ 100ರ ನೋಟಿಗೆ ಚಿಲ್ಲರೆ ಇರಬೇಕಲ್ಲ! ಒಂದು ಯುವಾನ್ ಎಂದರೆ ಸುಮಾರು 12–13 ರೂಪಾಯಿ ಅಂತ ಲೆಕ್ಕ ಹಾಕಿಕೊಳ್ಳಿ.

ಮೂರನೆಯದು ಮ್ಯಾಪ್. ರೋಮಿಂಗ್‌ನಲ್ಲಿ ಗೂಗಲ್ ಮ್ಯಾಪ್ ತೆರೆದರೂ ಅದನ್ನು ನಂಬಬೇಡಿ. ಚೀನಾ ತನ್ನ ನಕ್ಷೆಗಳಿಗೆ ಬೇರೆಯದೇ ಅಳತೆಯ ಪದ್ಧತಿ ಬಳಸುತ್ತದೆ. ಹಾಗಾಗಿ ಗೂಗಲ್ ನಕ್ಷೆಯಲ್ಲಿ ನೀವು ನಿಂತ ಜಾಗ ನೂರಾರು ಮೀಟರ್ ಆಚೆ ಕಾಣಬಹುದು. ಐಫೋನ್ ಇದ್ದವರಿಗೆ ಆ್ಯಪಲ್ ಮ್ಯಾಪ್ ಸಾಕು. ಉಳಿದವರಿಗೆ ಆಮ್ಯಾಪ್, ಅದರಲ್ಲಿ ಇಂಗ್ಲಿಷ್ ಕೂಡ ಇದೆ.

ಅನುವಾದದ ಆ್ಯಪ್‌ನಲ್ಲಿ ಚೀನೀ ಭಾಷೆಯನ್ನು ಆಫ್‌ಲೈನ್‌ಗೆ ಇಳಿಸಿಕೊಳ್ಳಿ. ಕ್ಯಾಮೆರಾ ಹಿಡಿದರೆ ಮೆನು ಓದಿಕೊಡುತ್ತದೆ. ಹೋಟೆಲಿನ ಹೆಸರು, ವಿಳಾಸವನ್ನು ಚೀನೀ ಲಿಪಿಯಲ್ಲಿ ಸ್ಕ್ರೀನ್‌ಶಾಟ್ ತೆಗೆದಿಡಿ. ಟ್ಯಾಕ್ಸಿಯವರಿಗೆ ಇಂಗ್ಲಿಷ್ ಹೆಸರು ಹೇಳಿ ಪ್ರಯೋಜನವಿಲ್ಲ.

ಹಂತ 4: ಎಲ್ಲಿ ಉಳಿಯುವುದು

ಮೆಟ್ರೋ 2ನೇ ಮಾರ್ಗವನ್ನು ಹಿಡಿದುಕೊಳ್ಳಿ. ಪುಡಾಂಗ್ ವಿಮಾನ ನಿಲ್ದಾಣದಿಂದ ಹೊರಟು ಊರ ನಡುವೆ ಹಾದು ಹೋಂಗ್‌ಚಿಯಾವ್ ರೈಲು ನಿಲ್ದಾಣ ಮುಟ್ಟುವ ಮಾರ್ಗ ಅದು. ಅದರ ಮೇಲಿರುವ ಪೀಪಲ್ಸ್ ಸ್ಕ್ವೇರ್, ನಾನ್‌ಜಿಂಗ್ ಪೂರ್ವ ರಸ್ತೆ, ಜಿಂಗ್‌ಆನ್ ದೇವಸ್ಥಾನ, ಈ ಮೂರರಲ್ಲಿ ಯಾವುದಾದರೂ ಒಂದು ನಿಲ್ದಾಣದಿಂದ ನಡೆಯುವಷ್ಟು ಹತ್ತಿರ ಕೋಣೆ ಹಿಡಿಯಿರಿ. ಬಂಡ್ ಎದುರಿನ ಕೋಣೆಗೆ ದುಪ್ಪಟ್ಟು ಕೊಡುವುದು ನನಗಂತೂ ದಂಡ ಅನ್ನಿಸುತ್ತದೆ. ನದಿ ದಂಡೆ ಎಲ್ಲರಿಗೂ ಪುಕ್ಕಟೆ ಇದೆ.

ವಿದೇಶಿಯರು ಬಂದ 24 ಗಂಟೆಯೊಳಗೆ ಪೊಲೀಸರಲ್ಲಿ ವಾಸದ ನೋಂದಣಿ ಆಗಬೇಕು. ಹೋಟೆಲ್ ಆದರೆ ಅವರೇ ಪಾಸ್‌ಪೋರ್ಟ್ ನೋಡಿ ಮಾಡುತ್ತಾರೆ. ಶಾಂಘೈನಲ್ಲಿ ಕೆಲಸಕ್ಕಿರುವ ಬೆಂಗಳೂರಿನ ಗೆಳೆಯರ ಮನೆಯಲ್ಲಿ ಉಳಿಯುತ್ತೀರಾ? ಹಾಗಾದರೆ ಆ ಕೆಲಸ ನಿಮ್ಮದೇ. ಗೆಳೆಯರನ್ನು ಕರೆದುಕೊಂಡು ಹತ್ತಿರದ ಠಾಣೆಗೆ ಹೋಗಿ. ಹೋಟೆಲಿನಲ್ಲಿ ಮುಂಗಡ ಠೇವಣಿ ಕೇಳಬಹುದು, ಹೊರಡುವಾಗ ವಾಪಸ್ ಕೊಡುತ್ತಾರೆ.

ಹಂತ 5: ಇಳಿದ ದಿನ

ಪ್ರವೇಶದ ಚೀಟಿಯನ್ನು 2025ರ ನವೆಂಬರ್‌ನಿಂದ ಆನ್‌ಲೈನ್‌ನಲ್ಲೂ ತುಂಬಬಹುದು. ಮನೆಯಲ್ಲೇ ಮುಗಿಸಿಬಿಡಿ. ಇಳಿದ ಮೇಲೆ ಬೆರಳಚ್ಚು, ಫೋಟೋ, ಒಂದೆರಡು ಪ್ರಶ್ನೆ. ವಾಪಸ್ ಟಿಕೆಟ್ ಮತ್ತು ಹೋಟೆಲ್ ಬುಕಿಂಗ್ ಕಾಗದದಲ್ಲೂ ಇರಲಿ. ಗಡಿಯಾರವನ್ನು ಎರಡೂವರೆ ಗಂಟೆ ಮುಂದಿಡಿ.

ಪುಡಾಂಗ್‌ನಿಂದ ಊರಿಗೆ ಮುಖ್ಯವಾಗಿ ಮೂರು ದಾರಿ. ಮೆಟ್ರೋ 2ನೇ ಮಾರ್ಗ ಅಗ್ಗ, ಆದರೆ ಊರ ನಡುಭಾಗಕ್ಕೆ ಒಂದು ಗಂಟೆಗೂ ಮೇಲೆ ಹಿಡಿಯುತ್ತದೆ. ಟ್ಯಾಕ್ಸಿಗೆ 200 ಯುವಾನ್ ಆಸುಪಾಸು. ಒಳಗೇ ಬಂದು ಟ್ಯಾಕ್ಸಿ ಬೇಕಾ ಎಂದು ಕೇಳುವವರ ಹಿಂದೆ ಹೋಗಬೇಡಿ, ಹೊರಗಿನ ಅಧಿಕೃತ ಸಾಲಿನಲ್ಲಿ ನಿಲ್ಲಿ. ಮೂರನೆಯದು ಮ್ಯಾಗ್ಲೆವ್. ಹಳಿಗೆ ತಾಗದೆ ಅಯಸ್ಕಾಂತದ ಬಲದಲ್ಲಿ ತೇಲಿ ಓಡುವ ರೈಲು. ಸುಮಾರು 30 ಕಿ.ಮೀ. ದೂರಕ್ಕೆ ಎಂಟು ನಿಮಿಷದ ಆಸುಪಾಸು, ಟಿಕೆಟ್ 50 ಯುವಾನ್, ಅದೇ ದಿನದ ವಿಮಾನದ ಟಿಕೆಟ್ ತೋರಿಸಿದರೆ 40. ಹಿಂದೆ ಗಂಟೆಗೆ 431 ಕಿ.ಮೀ. ಮುಟ್ಟುತ್ತಿತ್ತು, ಈಗ 300ಕ್ಕೆ ಇಳಿಸಿದ್ದಾರೆ. ಅದು ಊರೊಳಗೆ ಹೋಗುವುದಿಲ್ಲ. ಲೋಂಗ್‌ಯಾಂಗ್ ರಸ್ತೆಯಲ್ಲಿ ಇಳಿಸುತ್ತದೆ, ಅಲ್ಲಿಂದ ಮತ್ತೆ 2ನೇ ಮಾರ್ಗವೇ. ದೊಡ್ಡ ಪೆಟ್ಟಿಗೆಗಳಿದ್ದರೆ ಟ್ಯಾಕ್ಸಿ, ಇಲ್ಲದಿದ್ದರೆ ಒಮ್ಮೆಯಾದರೂ ಮ್ಯಾಗ್ಲೆವ್ ಹತ್ತಿ. ರಾತ್ರಿ ತಡವಾಗಿ ಇಳಿಯುವವರಿಗೆ ಟ್ಯಾಕ್ಸಿಯೇ ಗತಿ, ರೈಲುಗಳು ಮಲಗಿರುತ್ತವೆ.

ಹಂತ 6: ಊರೊಳಗೆ ಓಡಾಟ

800 ಕಿ.ಮೀ.ಗೂ ಉದ್ದದ ಮೆಟ್ರೋ. ಟಿಕೆಟ್ 3 ಯುವಾನ್‌ನಿಂದ ಶುರು. ಅಲಿಪೇಯಲ್ಲಿ ಸಾರಿಗೆ ವಿಭಾಗ ತೆರೆದು ಶಾಂಘೈ ಆರಿಸಿದರೆ ಕ್ಯೂಆರ್ ಕೋಡ್ ಬರುತ್ತದೆ, ಗೇಟಿಗೆ ತೋರಿಸಿ ಒಳಗೆ ಹೋಗಿ. ಹೊರಗೆ ಬರುವಾಗಲೂ ಅದೇ. ಜಾಸ್ತಿ ಸುತ್ತುವ ದಿನವಿದ್ದರೆ ಒಂದು ದಿನದ ಪಾಸ್ 18 ಯುವಾನ್, ಮೂರು ದಿನದ್ದು 45. ಫಲಕ, ಘೋಷಣೆ ಎಲ್ಲವೂ ಇಂಗ್ಲಿಷ್‌ನಲ್ಲೂ ಇವೆ. ಪ್ರತಿ ನಿಲ್ದಾಣದಲ್ಲೂ ಚೀಲದ ತಪಾಸಣೆ ಇದೆ. ಹೊರಗೆ ಹೋಗುವ ದ್ವಾರದ ನಂಬರ್ ನೋಡಿಕೊಳ್ಳಿ. ಪೀಪಲ್ಸ್ ಸ್ಕ್ವೇರ್‌ನಂಥ ನಿಲ್ದಾಣದಲ್ಲಿ ತಪ್ಪು ದ್ವಾರದಿಂದ ಹೊರಬಿದ್ದರೆ ಅರ್ಧ ಕಿಲೋಮೀಟರ್ ನಡಿಗೆ ಸುಮ್ನೆ ದಂಡ.

ಕ್ಯಾಬ್ ಬೇಕಾದರೆ ಅಲಿಪೇ ಒಳಗೇ ದೀದಿ ಎಂಬ ಕ್ಯಾಬ್ ಸೇವೆ ಇದೆ, ಇಂಗ್ಲಿಷ್‌ನಲ್ಲಿ. ಚಾಲಕನ ಸಂದೇಶ ಅನುವಾದವಾಗಿ ಬರುತ್ತದೆ. ಹತ್ತಿದ ಮೇಲೆ ನಿಮ್ಮ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳುವುದು ವಾಡಿಕೆ.

ರಸ್ತೆ ದಾಟುವಾಗ ನಮ್ಮ ಅಭ್ಯಾಸ ಅಪಾಯಕ್ಕೆ ದಾರಿ. ಅಲ್ಲಿ ವಾಹನ ಬಲಗಡೆ ಓಡುತ್ತವೆ. ಮೊದಲು ಎಡಕ್ಕೆ ನೋಡಬೇಕು. ಅದಕ್ಕಿಂತ ಹೆಚ್ಚಿನ ಭಯ ಎಲೆಕ್ಟ್ರಿಕ್ ಸ್ಕೂಟರುಗಳದ್ದು. ಸದ್ದೇ ಇಲ್ಲ, ಫುಟ್‌ಪಾತ್ ಮೇಲೂ ಬರುತ್ತವೆ. ಬೆಂಗಳೂರಿನವರಿಗೆ ಹಾರ್ನ್ ಇಲ್ಲದ ಟ್ರಾಫಿಕ್ ಒಗ್ಗುವುದು ಕಷ್ಟವೇ ಅಲ್ವಾ!

ಹಂತ 7: ಊಟ

ಮಾಂಸ ತಿನ್ನುವವರಿಗೆ ಏನೂ ಹೇಳಬೇಕಿಲ್ಲ. ಷೆಂಗ್‌ಜಿಯಾನ್ ಎಂಬ ತಳ ಗರಿಗರಿಯಾದ ಹಂದಿಮಾಂಸದ ಬನ್ನು, ಒಳಗೆ ಬಿಸಿ ಸಾರು ತುಂಬಿದ ಷ್ಯಾವ್‌ಲೋಂಗ್‌ಬಾವ್, ಎರಡೂ ಈ ಊರಿನ ಹೆಮ್ಮೆ. ಒಂದೇ ಸಲ ಕಚ್ಚಬೇಡಿ, ನಾಲಿಗೆ ಸುಡುತ್ತದೆ. ಹಂದಿ ಬೇಡ ಎನ್ನುವವರು ಲಾನ್‌ಜೌ ನೂಡಲ್ಸ್ ಅಂಗಡಿಗಳನ್ನು ಹುಡುಕಿ. ಹೆಚ್ಚಿನವು ಹಲಾಲ್, ಎಲ್ಲಾ ಬಡಾವಣೆಯಲ್ಲೂ ಇರುತ್ತವೆ.

ಸಸ್ಯಾಹಾರಿಗಳ ಕಷ್ಟ ಬೇರೆ. ಮಾಂಸ ಬೇಡ ಎಂದಷ್ಟೇ ಹೇಳಿದರೆ ತುಂಡುಗಳನ್ನು ಬಿಟ್ಟು, ಮಾಂಸದ ಸಾರಿನಲ್ಲೇ ತರಕಾರಿ ಬೇಯಿಸಿ ಕೊಡಬಹುದು. ಹಂದಿ ಕೊಬ್ಬು, ಒಣ ಸೀಗಡಿ, ಸಿಂಪಿ ಸಾಸ್ ಎಲ್ಲವೂ ಕಣ್ಣಿಗೆ ಕಾಣದಂತೆ ಸೇರಿರುತ್ತವೆ. ಅದಕ್ಕೇ ಫೋನಿನಲ್ಲಿ ಚೀನೀ ಲಿಪಿಯ ಚೀಟಿ ಮಾಡಿಟ್ಟುಕೊಳ್ಳಿ: ನಾನು ಸಸ್ಯಾಹಾರಿ, ಮಾಂಸ, ಕೋಳಿ, ಮೀನು, ಸೀಗಡಿ, ಮಾಂಸದ ಸಾರು, ಪ್ರಾಣಿ ಕೊಬ್ಬು, ಸಿಂಪಿ ಸಾಸ್ ತಿನ್ನುವುದಿಲ್ಲ. ಮೊಟ್ಟೆ ನಡೆಯುತ್ತದೋ ಇಲ್ಲವೋ ಅದನ್ನೂ ಬರೆಯಿರಿ. ಮೊಟ್ಟೆ ತಿನ್ನುವವರಿಗೆ ಟೊಮೆಟೊ-ಮೊಟ್ಟೆ ಪಲ್ಯ ಅನ್ನದ ಜೊತೆ ಎಲ್ಲಿ ಹೋದರೂ ಸಿಗುತ್ತದೆ. ತಿನ್ನದವರಿಗೆ ಆಲೂಗಡ್ಡೆ ಎಳೆಗಳ ಹುರಿದ ಪಲ್ಯ, ಆಲೂಗಡ್ಡೆ-ಬದನೆ-ದೊಣ್ಣೆಮೆಣಸಿನ ಪಲ್ಯ. ಮಾಪೊ ತೋಫು, ಹುರಿದ ಹುರುಳಿಕಾಯಿ ನೋಡಲು ಸಸ್ಯಾಹಾರ, ಆದರೆ ಎರಡರಲ್ಲೂ ಸಾಮಾನ್ಯವಾಗಿ ಕೊಚ್ಚಿದ ಮಾಂಸ ಇರುತ್ತದೆ.

ನಿಶ್ಚಿಂತೆಯಿಂದ ಉಣ್ಣಬೇಕೆಂದರೆ ಬೌದ್ಧ ಊಟದ ಮನೆಗಳೇ ಸರಿ. ನಾನ್‌ಜಿಂಗ್ ಪಶ್ಚಿಮ ರಸ್ತೆಯ ಗೋಂಗ್‌ದೇಲಿನ್ 1922ರಿಂದ ಇದೆ. ಸಂಪ್ರದಾಯದ ಬೌದ್ಧ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಮಠದ ಊಟದ ಅಭ್ಯಾಸ ಇರುವ ಹಿರಿಯರನ್ನೂ ಧೈರ್ಯವಾಗಿ ಕರೆದುಕೊಂಡು ಹೋಗಬಹುದು. ಮೆನುವಿನಲ್ಲಿ ಬಾತುಕೋಳಿ, ಏಡಿ ಎಂಬ ಹೆಸರು ಕಂಡು ಗಾಬರಿಯಾಗಬೇಡಿ, ಅವೆಲ್ಲ ಸೋಯಾ, ಅಣಬೆಯಿಂದ ಮಾಡಿದ ನಕಲು. ಜೇಡ್ ಬುದ್ಧ ದೇವಸ್ಥಾನದಲ್ಲೂ ಸಸ್ಯಾಹಾರದ ನೂಡಲ್ಸ್ ಸಿಗುತ್ತದೆ. ಬೆಳಗಿನ ತಿಂಡಿಗೆ ಸೋಯಾ ಹಾಲು ಮತ್ತು ಯೌಟಿಯಾವ್ ಎಂಬ ಉದ್ದನೆಯ ಕರಿದ ತಿಂಡಿ ಸಾಕು.

ನಲ್ಲಿ ನೀರು ಕುಡಿಯಬೇಡಿ. ಬಿಸಿನೀರು ಮಾತ್ರ ರೈಲಿನಲ್ಲೂ ನಿಲ್ದಾಣದಲ್ಲೂ ಧಾರಾಳ, ಒಂದು ಫ್ಲಾಸ್ಕ್ ಒಯ್ಯಿರಿ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಸಾರ್ವಜನಿಕ ಶೌಚಾಲಯ ಬೇಕಾದಷ್ಟಿವೆ, ದುಡ್ಡಿಲ್ಲ, ಆದರೆ ಟಿಶ್ಯೂ ನಿಮ್ಮದೇ.

ಹಂತ 8: ಏನು ನೋಡುವುದು, ಯಾವ ಕ್ರಮದಲ್ಲಿ

ನಾಲ್ಕು ದಿನ ಇಟ್ಟುಕೊಳ್ಳಿ. ಮೊದಲ ಸಂಜೆ ಬಂಡ್‌ಗೆ ಹೋಗಿ. ಈ ದಡದಲ್ಲಿ ವಸಾಹತು ಕಾಲದ ಕಲ್ಲಿನ ಬ್ಯಾಂಕುಗಳು, ಹ್ವಾಂಗ್‌ಪು ನದಿಯಾಚೆ 632 ಮೀಟರಿನ ಶಾಂಘೈ ಟವರ್. ಕತ್ತಲಾದ ಮೇಲೆ ಹತ್ತಿಕೊಳ್ಳುವ ದೀಪಗಳು ರಾತ್ರಿ ಸುಮಾರು ಹತ್ತಕ್ಕೆ ಆರುತ್ತವೆ, ಊಟ ಮುಗಿಸಿ ನಿಧಾನಕ್ಕೆ ಹೋದರಾಯಿತು ಅಂತ ಕೂರಬೇಡಿ. ಹಸಿರು ಗೋಪುರದ ಪೀಸ್ ಹೋಟೆಲನ್ನು ಗಮನಿಸಿ. 1929ರಲ್ಲಿ ಅದನ್ನು ಕಟ್ಟಿಸಿದ್ದು ವಿಕ್ಟರ್ ಸಸೂನ್. ಮುಂಬೈಯ ಸಸೂನ್ ಡಾಕ್ ಹೆಸರಿನ ಅದೇ ಮನೆತನ. ಆ ಮನೆತನದ ಸಂಪತ್ತಿನಲ್ಲಿ ಭಾರತದಿಂದ ಚೀನಾಕ್ಕೆ ಹೋದ ಅಫೀಮಿನ ದುಡ್ಡೂ ಇತ್ತು. ಈ ದಂಡೆಯ ಅಂದದ ಹಿಂದೆ ನಮ್ಮ ನೆಲದ ಬೆಳೆಯೂ ಇದೆ ಎಂಬುದು ಅಲ್ಲಿ ನಿಂತಾಗ ನೆನಪಿರಲಿ.

ನದಿಯಲ್ಲಿ ವಿಹಾರದ ದೋಣಿಗೆ ದುಬಾರಿ ಟಿಕೆಟ್. ಊರಿನವರು ಆಚೆ ದಡಕ್ಕೆ ಹೋಗುವ ಸಾರ್ವಜನಿಕ ದೋಣಿಗೆ 2 ಯುವಾನ್. ನೋಟ ಹೆಚ್ಚುಕಡಿಮೆ ಅದೇ.

ಎರಡನೇ ದಿನ ಬೆಳಗ್ಗೆ ಬೇಗ ಯೂಯುವಾನ್ ತೋಟ. 1559ರಲ್ಲಿ ಮಿಂಗ್ ಕಾಲದ ಅಧಿಕಾರಿಯೊಬ್ಬ ತನ್ನ ತಂದೆಗಾಗಿ ಶುರು ಮಾಡಿದ ತೋಟ. ಹತ್ತು ಗಂಟೆ ದಾಟಿದರೆ ಹೊರಗಿನ ಬಜಾರಿನಲ್ಲಿ ಕಾಲಿಡಲು ಜಾಗವಿಲ್ಲ. ಬಜಾರಿನಲ್ಲಿ ಕೊಳ್ಳುವಂಥದ್ದು ನನಗೇನೂ ಕಾಣಲಿಲ್ಲ. ಮಧ್ಯಾಹ್ನ ಆಚೆ ದಡದ ಶಾಂಘೈ ಮ್ಯೂಸಿಯಂ ಪೂರ್ವ ಶಾಖೆ. ಕಂಚಿನ ಪಾತ್ರೆಗಳ ವಿಭಾಗಕ್ಕೇ ಎರಡು ಗಂಟೆ ಬೇಕು. ಪ್ರವೇಶ ಉಚಿತ, ಪಾಸ್‌ಪೋರ್ಟ್ ಬೇಕು, ಮಂಗಳವಾರ ರಜೆ.

ಮೂರನೇ ದಿನ ಏನೂ ಯೋಜನೆ ಇಲ್ಲದೆ ಹಳೆಯ ಫ್ರೆಂಚ್ ಬಡಾವಣೆಯಲ್ಲಿ ನಡೆಯಿರಿ. ಎರಡೂ ಬದಿ ಪ್ಲೇನ್ ಮರಗಳು, ಇಟ್ಟಿಗೆ ಮನೆಗಳು, ಹೊರಗೆ ಒಣಹಾಕಿದ ಬಟ್ಟೆ. ವೂಕಾಂಗ್ ರಸ್ತೆಯ ತುದಿಯಲ್ಲಿ ಹಡಗಿನ ಮೂತಿಯ ಹಾಗೆ ನಿಂತ 1924ರ ಕಟ್ಟಡವಿದೆ, ಅದರ ಎದುರು ಫೋಟೋ ತೆಗೆಯುವವರ ಜಾತ್ರೆ. ಶನಿವಾರ, ಭಾನುವಾರವಾದರೆ ಪೀಪಲ್ಸ್ ಪಾರ್ಕ್‌ಗೆ ಹೋಗಿ ಬನ್ನಿ. ಅಪ್ಪ ಅಮ್ಮಂದಿರು ಮಕ್ಕಳ ವಯಸ್ಸು, ಎತ್ತರ, ಓದು, ಸಂಬಳ ಬರೆದ ಹಾಳೆಯನ್ನು ಕೊಡೆಗೆ ಅಂಟಿಸಿಕೊಂಡು ಗಂಡು, ಹೆಣ್ಣು ಹುಡುಕುತ್ತಿರುತ್ತಾರೆ. ಫೋಟೋ ತೆಗೆಯಬೇಡಿ, ಅವರಿಗೆ ಹಿಡಿಸುವುದಿಲ್ಲ.

ನಾಲ್ಕನೇ ದಿನ ಸೂಜೌ ಎಂಬ ಪಕ್ಕದ ಊರು. ಹೋಂಗ್‌ಚಿಯಾವ್ ಅಥವಾ ಶಾಂಘೈ ನಿಲ್ದಾಣದಿಂದ ವೇಗದ ರೈಲಿನಲ್ಲಿ ಅರ್ಧ ಗಂಟೆ. ಅಲ್ಲಿನ ತೋಟಗಳು 1997ರಿಂದ ಯುನೆಸ್ಕೋ ಪಟ್ಟಿಯಲ್ಲಿವೆ. ಟಿಕೆಟ್ಟನ್ನು 12306 ಎಂಬ ರೈಲ್ವೆಯ ಸ್ವಂತ ತಾಣದಲ್ಲಿ ಕೊಳ್ಳಿ, ಇಂಗ್ಲಿಷ್ ಇದೆ. ಪಾಸ್‌ಪೋರ್ಟ್ ಗುರುತು ಖಚಿತವಾಗಲು ಸಮಯ ಹಿಡಿಯಬಹುದು, ಊರಲ್ಲೇ ಖಾತೆ ತೆರೆದಿಡಿ. ಹೊರಡುವ 15 ದಿನ ಮೊದಲು ಮಾರಾಟ ಶುರು. ಕಾಗದದ ಟಿಕೆಟ್ ಇಲ್ಲ, ಪಾಸ್‌ಪೋರ್ಟೇ ಟಿಕೆಟ್. ಯಂತ್ರದ ಗೇಟು ನಮ್ಮ ಪಾಸ್‌ಪೋರ್ಟ್ ಓದದಿದ್ದರೆ ಪಕ್ಕದಲ್ಲಿ ಸಿಬ್ಬಂದಿ ನಿಂತ ದಾರಿ ಇರುತ್ತದೆ. ರೈಲು ಹೊರಡುವ ಕೆಲವು ನಿಮಿಷ ಮೊದಲೇ ಗೇಟು ಮುಚ್ಚುತ್ತದೆ, ಓಡಿ ಹತ್ತುವ ಆಟ ಅಲ್ಲಿ ನಡೆಯಲ್ಲ. ಮುಖ್ಯವಾಗಿ, ಯಾವ ನಿಲ್ದಾಣ ಎಂದು ಎರಡು ಸಲ ನೋಡಿ. ಶಾಂಘೈ, ಶಾಂಘೈ ದಕ್ಷಿಣ, ಹೋಂಗ್‌ಚಿಯಾವ್ ಮೂರೂ ಬೇರೆ ಬೇರೆ, ದೂರ ದೂರ.

ಹಂತ 9: ಹುಷಾರಾಗಿರಬೇಕಾದ ಕಡೆ

ರಾತ್ರಿ ಒಬ್ಬರೇ ನಡೆಯಲು ಶಾಂಘೈ ಹೆದರಿಕೆ ಹುಟ್ಟಿಸುವ ಊರಲ್ಲ. ಆದರೆ ನಾನ್‌ಜಿಂಗ್ ರಸ್ತೆ, ಪೀಪಲ್ಸ್ ಸ್ಕ್ವೇರ್ ಸುತ್ತ ಒಂದು ಹಳೆಯ ಮೋಸ ಇನ್ನೂ ನಡೆಯುತ್ತದೆ. ಚೆನ್ನಾಗಿ ಇಂಗ್ಲಿಷ್ ಮಾತಾಡುವ ಇಬ್ಬರು ಯುವಕರೋ ಯುವತಿಯರೋ ಬಂದು, ತಾವು ವಿದ್ಯಾರ್ಥಿಗಳು, ಒಂದು ಫೋಟೋ ತೆಗೆದುಕೊಡಿ ಅಂತ ಶುರು ಮಾಡುತ್ತಾರೆ. ಹತ್ತು ನಿಮಿಷದ ಹರಟೆ ಆದಮೇಲೆ ಚಹಾ ಸಮಾರಂಭ ನೋಡೋಣ ಬನ್ನಿ ಎಂದು ಒಳಗೆ ಕರೆದುಕೊಂಡು ಹೋಗುತ್ತಾರೆ. ಬಿಲ್ಲು ಸಾವಿರಾರು ಯುವಾನ್. ಅಪರಿಚಿತರು ಜಾಗ ಆರಿಸಿದರೆ ಹೋಗಬೇಡಿ, ಅಷ್ಟೇ.

ಪೊಲೀಸ್ 110, ಆಂಬುಲೆನ್ಸ್ 120. ಭಾರತದ ಕಾನ್ಸುಲೇಟ್ ಶಾಂಘೈನಲ್ಲೇ ಇದೆ, ಅದರ ನಂಬರನ್ನು ಕಾಗದದಲ್ಲಿ ಬರೆದಿಡಿ. ಪಾಸ್‌ಪೋರ್ಟ್ ಯಾವಾಗಲೂ ಜೊತೆಗಿರಲಿ, ಅದರ ನಕಲು ಕೋಣೆಯಲ್ಲಿ.

ನಮ್ಮ ಮೂರು ದುಂಡು ಕಡ್ಡಿಯ ಪ್ಲಗ್ ಅಲ್ಲಿ ಹೊಂದುವುದಿಲ್ಲ, ಅಡಾಪ್ಟರ್ ಒಯ್ಯಿರಿ. ಇನ್ನೊಂದು ಹೊಸ ತಲೆನೋವು ಪವರ್ ಬ್ಯಾಂಕ್. 2025ರ ಜೂನ್ 28ರಿಂದ ಚೀನಾದ ದೇಶದೊಳಗಿನ ವಿಮಾನಗಳಲ್ಲಿ 3ಸಿ ಎಂಬ ಅವರ ಸುರಕ್ಷತಾ ಗುರುತಿಲ್ಲದ ಪವರ್ ಬ್ಯಾಂಕ್ ಬಿಡುವುದಿಲ್ಲ. ಶಾಂಘೈನಿಂದ ಶಿಯಾನ್‌ಗೋ ಬೀಜಿಂಗ್‌ಗೋ ಹಾರುವ ಆಲೋಚನೆ ಇದ್ದರೆ ಗುರುತಿರುವುದನ್ನೇ ಕೊಳ್ಳಿ, ಇಲ್ಲಾ ರೈಲಿನಲ್ಲಿ ಹೋಗಿ. ಊರೊಳಗೆ ಅಂಗಡಿ ಅಂಗಡಿಯಲ್ಲೂ ಬಾಡಿಗೆ ಪವರ್ ಬ್ಯಾಂಕ್ ಸಿಗುತ್ತದೆ.

ಹಂತ 10: ವಾಪಸ್

ಏನಾದರೂ ಕೊಂಡಿದ್ದರೆ, ತೆರಿಗೆ ವಾಪಸ್ ಫಲಕ ಇರುವ ಒಂದೇ ಅಂಗಡಿಯಲ್ಲಿ ಒಂದೇ ದಿನ 200 ಯುವಾನ್ ದಾಟಿದರೆ ಫಾರಂ ಕೇಳಿ. 2025ರ ಏಪ್ರಿಲ್‌ವರೆಗೆ ಈ ಮಿತಿ 500 ಇತ್ತು. ವಿಮಾನ ನಿಲ್ದಾಣದಲ್ಲಿ ಆ ವಸ್ತುವನ್ನು ಕಸ್ಟಮ್ಸ್‌ಗೆ ತೋರಿಸಬೇಕಾಗುತ್ತದೆ, ಹಾಗಾಗಿ ಚೆಕ್-ಇನ್ ಪೆಟ್ಟಿಗೆಯ ತಳದಲ್ಲಿ ತುರುಕಬೇಡಿ. ನಿಮ್ಮ ವಿಮಾನ ಪುಡಾಂಗ್‌ನ ಯಾವ ಟರ್ಮಿನಲ್ ಎಂದು ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಅನೇಕ ವಿಮಾನಗಳ ಗೇಟ್ ಟರ್ಮಿನಲ್‌ನಿಂದ ದೂರದ ಇನ್ನೊಂದು ಕಟ್ಟಡದಲ್ಲಿರುತ್ತದೆ. ಭದ್ರತಾ ತಪಾಸಣೆ ಮುಗಿದ ಮೇಲೂ ಒಂದು ಪುಟ್ಟ ರೈಲು ಹತ್ತಿ ಅಲ್ಲಿಗೆ ಹೋಗಬೇಕು. ಮೂರು ಗಂಟೆ ಮೊದಲು ತಲುಪಿ. ಉಳಿದ ನಗದನ್ನು ಊಟಕ್ಕೋ ಮ್ಯಾಗ್ಲೆವ್‌ಗೋ ಖರ್ಚು ಮಾಡಿಬಿಡಿ, ಇಲ್ಲಿ ತಂದು ಬದಲಿಸಿದರೆ ಸಿಗುವುದು ಕಡಿಮೆ. ಮನೆಗೆ ಬಂದ ಮೇಲೆ ಅಲಿಪೇಯಿಂದ ಕಾರ್ಡ್ ತೆಗೆದುಹಾಕಿ, ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವ್ಯವಹಾರವನ್ನು ಮತ್ತೆ ಆಫ್ ಮಾಡಿ.